ಕನ್ನಡಿ ಹೊಲಿದ ಬಾವುಟ

ಫೋಂಡಾ
೨ ಮೇ ೧೯೯೪

ಚಿ. ಸೌ. ಅಂಬಾಬಾಯಿಗೆ ಆಶೀರ್ವಾದಗಳು.

‘ಸುಟ್ಟಿದ್ದು ಒಂದು ಅರಿವಿ, ಅದಕ್ಯಾಕ ಇಷ್ಟು...’ ಫೋನಿನಲ್ಲಿ ನೀನು ಹೀಗೆಯೇ ಅಂದೆಯೋ, ಇನ್ನೂ ಏನಾದರೂ ಸೇರಿಸಿದ್ದೆಯೋ, ಈಗ ಸರಿಯಾಗಿ ನೆನಪಿಲ್ಲ. ಎಸ್‌ಟಿಡಿ ಅಂಗಡಿಯಲ್ಲಿ ನನ್ನ ಹಿಂದೆ ಜನ ಕಾದು ನಿಂತಿದ್ದರು. ಫೋನ್ ಇಟ್ಟುಬಿಟ್ಟೆ. ಬರೆಯಲು ಇಷ್ಟು ತಡವಾದದ್ದಕ್ಕೆ ಬೇಸರಪಡಬೇಡ. ನಿಮ್ಮ ತಾಯಿಯವರಿಗೆ ಕಾಲು ಊರಲು ಬಂತೇ? ಇಲ್ಲಿ ಸೆಕೆ ವಿಪರೀತ. ಉಸಗಾಂವದ ಗಣಿ ಆಫೀಸಿನಿಂದ ಬರುವಾಗ ಕೆಂಪು ಧೂಳು ನನ್ನ ಜೊತೆಗೇ ಮನೆಯೊಳಗೆ ಬರುತ್ತದೆ. ಅಡಿಗೆ ಹೇಗೋ ಮಾಡಿಕೊಳ್ಳುತ್ತೇನೆ.

ಗೋಪಾಲ ಧಾರವಾಡಕ್ಕೆ ಬಂದು ನಿನಗೆ ಎಷ್ಟು ಹೇಳಿದ್ದಾನೋ ತಿಳಿಯದು. ನಮ್ಮ ಮಗ ಸುಳ್ಳು ಹೇಳುವುದಿಲ್ಲ. ಕೆಲವನ್ನು ಬಿಟ್ಟು ಹೇಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೇಸರಿಬಾಯಿ ನಿನಗೆ ಗೊತ್ತು. ಕಲಂಗುಟ್ ದಂಡೆಯಲ್ಲಿ ಕಸೂತಿಯ ಚೀಲ ಮಾರುವ ಲಂಬಾಣಿ ಹೆಂಗಸು, ನಿನ್ನ ದಿಂಬುಗಳಿಗೆ ಕನ್ನಡಿ ಹಚ್ಚಿಕೊಟ್ಟವಳು. ಅವಳ ಗಂಡ ಖೀರಪ್ಪ ನಮ್ಮ ಕಾಲನಿಯ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ಕೆಲಸಕ್ಕಿದ್ದ. ಶಾರ್ಜಾದ ಕ್ರಿಕೆಟ್ ಫೈನಲ್ ಪಂದ್ಯ ಬರುತ್ತದೆಂದು ಗೋಪಾಲ ಅವಳಿಗೆ ಮೂರು ಬಣ್ಣದ ನೈಲಾನ್ ಬಟ್ಟೆ ಕೊಟ್ಟು, ಹಾಸಿಗೆಯಷ್ಟು ದೊಡ್ಡ ಬಾವುಟ ಹೊಲಿಯಲು ಹೇಳಿದ. ನಡುವೆ ದುಂಡಗೆ ಒಂದು ಚಕ್ರ ಇರಲಿ ಎಂದನಂತೆ. ಲಂಬಾಣಿಗರ ಹೊಲಿಗೆಯಲ್ಲಿ ದುಂಡಗಿದ್ದು ನಡುವೆ ಕೂರುವಂಥದು ಕನ್ನಡಿ. ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆಯೂ ಅದಕ್ಕೇ. ಅವಳು ಬಿಳಿ ಪಟ್ಟಿಯ ಮೇಲೆ ಅಂಗೈಯಗಲದ ಕನ್ನಡಿ ಕೂರಿಸಿ, ಸುತ್ತ ನೀಲಿ ದಾರದ ಕಡ್ಡಿಗಳನ್ನು ಹಾಕಿ ತಂದಳು.

“ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಿಟ್ರ ನಾವು ಝೇಂಡಾ ಹಾರಸೋಹಂಗಿಲ್ಲಪಾ. ಅದರಾಗ ಇದಕ್ಕ ಕನ್ನಡಿ ಬ್ಯಾರೆ,” ಎಂದೆ.

“ಅಪ್ಪಾ, ಝೇಂಡಾ ಅಂದಕೂಡ್ಲೆ ನಿಮಗ ಕಾನೂನು ನೆನಪಾಗ್ತದ. ಸ್ಟೇಡಿಯಂನ್ಯಾಗ ನೋಡ್ರಿ, ಮಾರಿಗೇ ಬಣ್ಣಾ ಬಳಕೊಂಡು ಕುಣೀತಾರ,” ಎಂದ ಗೋಪಾಲ.

ಕೇಸರಿಬಾಯಿ ಸೆರಗಿನಲ್ಲಿ ನಕ್ಕಳು. “ಬಿಸಲಾಗ ಹಿಡೀರಿ ಸಣ್ಣ ಸಾಹೇಬ್ರ, ಆ ಕಡಿ ಬಾಲ್ ಒಗಿಯಾಂವನ ಕಣ್ಣs ಕುಕ್ಕತೈತಿ!”

ನಾವೆಲ್ಲ ನಕ್ಕೆವು.

ಪಂದ್ಯದ ದಿನ ನಾನು ಆಫೀಸಿನಲ್ಲಿದ್ದೆ. ಮುಂದಿನದನ್ನು ಹೇಳಿದವಳು ಕೇಸರಿಬಾಯಿ, ಗೋಪಾಲ ಅಲ್ಲಗಳೆಯಲಿಲ್ಲ. ಕಿರಾಣಿ ಅಂಗಡಿಯ ಠಾಕಪ್ಪ ಟೀವಿಯನ್ನು ಹೊರಗಿಟ್ಟಿದ್ದ. ಪಕ್ಕದಲ್ಲಿ ಬಿದಿರಿಗೆ ಬಾವುಟ. ನಮ್ಮವರ ವಿಕೆಟ್ ಬೀಳತೊಡಗಿದಾಗ ಠಾಕಪ್ಪನೇ ಮೊದಲು ಅಂದನಂತೆ: “ಝೇಂಡಾಕ್ಕ ಯಾರರ ಕನ್ನಡಿ ಹಚ್ತಾರೇನ್ರೋ? ಅಪಶಕುನ ಕಟ್ಟಿ ನಿಲ್ಲಿಸೀರಿ, ಸೋಲದ ಏನ್ಮಾಡ್ತಾರ!” ಹುಡುಗರು ಅದನ್ನೇ ಹಿಡಿದರು. ಪಂದ್ಯ ಸೋತ ಮೇಲೆ ಬಾವುಟ ಇಳಿಸಿದರು. ಯಾರೋ ಸೀಮೆಎಣ್ಣೆ ತಂದರು. ಕಡ್ಡಿ ಗೀರಿದವನು ಗೋಪಾಲ.

ಕೆಲಸ ಮುಗಿಸಿ ಬರುತ್ತಿದ್ದ ಖೀರಪ್ಪ ಬೆಂಕಿಗೆ ಎರಡೂ ಕೈ ಹಾಕಿದ. “ಯಾಕ್ ಸುಡ್ತೀರೋ, ಆಕಿ ಕಣ್ಣ ಕಳಕೊಂಡು ಹೊಲ್ದಾಳ!” ಎಂದು ಎಳೆದುಕೊಂಡ. ಕರಗಿದ ನೈಲಾನ್ ಅಂಗೈಗೆ ಹತ್ತಿತು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಅರ್ಧ ಸುಟ್ಟ ಧ್ವಜ ಇದ್ದದ್ದು ಅವನ ಕೈಯಲ್ಲಿ.

“ಇವನ ಹೇಣ್ತೀನ ಹೊಲ್ದಾಕಿ, ಸಾಬ್,” ಎಂದು ಠಾಕಪ್ಪ ತೋರಿಸಿದ.

ಗೋಪಾಲ ಅಲ್ಲೇ ನಿಂತಿದ್ದ. ಮಾತಾಡಲಿಲ್ಲ.

ಮನೆಗೆ ಬಂದು ಕೇಳಿದೆ. “ಹೌದ್ರಿ, ನಾನs ಹಚ್ಚಿದೆ. ನಮ್ಮವರು ಆಡಿದ್ದು ನೋಡಿ ತಲಿ ಕೆಟ್ಟಿತ್ತು. ಆದರ ಅಪ್ಪಾ, ನನ್ನ ಡೆಹರಾಡೂನ್ ಟ್ರೇನಿಂಗಿಗೆ ಪೊಲೀಸ್ ವಿಚಾರಣಿ ಇನ್ನೂ ಬಾಕಿ ಅದ. ಝೇಂಡಾ ಸುಟ್ಟಾಂವನ್ನ ಸೈನ್ಯದಾಗ ತಗೋತಾರೇನು?” ಎಂದು ಅತ್ತ. ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಿದ. ಚಿಕ್ಕವನಿದ್ದಾಗ ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದರೆ ಬಾಯಿಯ ತುತ್ತು ನುಂಗದೆ ಎದ್ದು ನಿಲ್ಲುತ್ತಿದ್ದ, ನೆನಪಿದೆಯಲ್ಲ. ಆ ಪ್ರೀತಿ ನಿಜವಾದದ್ದೆಂದು ಈಗಲೂ ನಂಬಿದ್ದೇನೆ. ನನಗೆ ಭಯವಾಗುವುದು ಅದರಿಂದಲೇ.

ಖೀರಪ್ಪನಿಗೆ ಜಾಮೀನು ಸಿಕ್ಕಿದೆ. ರಾಷ್ಟ್ರಧ್ವಜಕ್ಕೆ ಅವಮಾನ ಮಾಡಿದನೆಂದು ಕೇಸು. ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಸಿಮೆಂಟು ಕಲಸಲು ಹೋಗುತ್ತಿದ್ದಾನೆ. ನಿನ್ನೆ ಕೇಸರಿಬಾಯಿ ಬಂದಿದ್ದಳು. “ಸಣ್ಣ ಸಾಹೇಬ್ರು ಬಂದು ಒಂದ ಮಾತು ಹೇಳ್ಲಿ, ಯಪ್ಪಾ. ನಮ್ಮ ಮಾತು ಅಲ್ಲಿ ಯಾರೂ ಕೇಳವಲ್ರು,” ಎಂದಳು. ಅದು ದೇಶದ ಧ್ವಜವೆಂದು ಖೀರಪ್ಪನಿಗೆ ತಿಳಿದಿತ್ತೇ ಎಂದು ಕೇಳಿದೆ. “ಅದೆಲ್ಲಾ ಅವಂಗೇನ ಗೊತ್ರಿ. ನಾ ಹೊಲ್ದದ್ದು ಅಂತ ಗೊತ್ತಿತ್ತು,” ಎಂದಳು.

ಬರುವ ಸೋಮವಾರ ಕೋರ್ಟಿನ ತಾರೀಖು. ಭಾನುವಾರವೇ ಗೋಪಾಲನನ್ನು ಬಸ್ಸಿಗೆ ಕೂರಿಸು. ಅವನು ಬಾರದಿದ್ದರೆ, ಅವನು ನನಗೆ ಹೇಳಿದ್ದನ್ನು ನಾನೇ ಹೋಗಿ ಹೇಳುತ್ತೇನೆ. ನೀನು ಸಿಟ್ಟಾಗುತ್ತೀ ಎಂದು ಗೊತ್ತಿದ್ದೇ ಬರೆದಿದ್ದೇನೆ.

ನಿನಗೂ ಅವನಿಗೂ ದೇವರು ಒಳ್ಳೆಯದು ಮಾಡಲಿ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಬಿಂದುಮಾಧವ

ತಾ.ಕ.: ಇಂದು ಶುಕ್ರವಾರ. ಈ ಪತ್ರವನ್ನು ಡಬ್ಬಿಗೆ ಹಾಕಿರಲಿಲ್ಲ; ಕಿಸೆಯಲ್ಲಿಟ್ಟುಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದೆ. ಇದನ್ನು ಬರೆದ ದಿನವೇ, ಸೋಮವಾರ ಸಂಜೆ, ಖೀರಪ್ಪನ ದವಡೆ ಬಿಗಿಯಿತಂತೆ. ಕೈಯ ಗಾಯದಿಂದ ಧನುರ್ವಾಯು. ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡ. ಆರೋಪಿಯೇ ಇಲ್ಲದ ಮೇಲೆ ಕೇಸು ಮುಗಿದ ಹಾಗೆಯೇ ಎಂದು, ಅವನಿಗಾಗಿ ನಾನು ಗೊತ್ತುಮಾಡಿದ್ದ ವಕೀಲರು ಮನೆಗೇ ಬಂದು ಹೇಳಿದರು. ಗೋಪಾಲ ಬರಬೇಕಾಗಿಲ್ಲ. ಅವನ ಹೆಸರು ಎಲ್ಲಿಯೂ ಬರುವುದಿಲ್ಲ. ಕೇಸರಿಬಾಯಿ ಹೊರಗೆ ಕಟ್ಟೆಯ ಮೇಲೆ ಅಳುತ್ತಿದ್ದಳು. ವಕೀಲರ ಮಾತು ಮುಗಿಯುವಷ್ಟರಲ್ಲಿ ನನ್ನ ಎದೆ ಹಗುರಾಯಿತು. ಎಷ್ಟೋ ದಿನದ ಮೇಲೆ ಹಸಿವೆಯಾಯಿತು. ಒಳಗೆ ಹೋಗಿ ಅನ್ನಕ್ಕಿಟ್ಟೆ, ಹೊಟ್ಟೆ ತುಂಬ ಉಂಡೆ. ಇದನ್ನು ಓದುವಾಗ ನಿನಗೂ ಹಾಗೆಯೇ ಆಯಿತೇ, ಅಂಬಾ?