ಬಾಗಿಲ ಮೇಲಿನ ನದಿ

ಶಾಲೆಯ ಹಿಂದಿನ ಜಗಲಿ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಲಿಫ್ಟ್ ಕೆಟ್ಟು ದಿನಾ ಮೂರು ಮಹಡಿ ಹತ್ತುತ್ತಿದ್ದೀಯೆಂದು ಭಾವ ಹೇಳಿದರು. ದೊಡ್ಡ ಇಂಜಿನಿಯರಿಗೇ ಈ ಗತಿಯಾದರೆ ಉಳಿದವರ ಪಾಡೇನು? ನಾನು ಚೆನ್ನಾಗಿದ್ದೇನೆ. ನನ್ನ ಜೊತೆಗಿರುವ ಅಮ್ಮನೂ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ.

ನೀನು ನಗುತ್ತೀಯ, ಆದರೂ ಹೇಳುತ್ತೇನೆ: ಮಕ್ಕಳ ಜೊತೆ ನಾನಿನ್ನೂ ಮರಳಾಡುತ್ತಲೇ ಇದ್ದೇನೆ. ಉದ್ದನೆಯ ತಗಡಿನ ತಟ್ಟೆ, ಒಂದು ತುದಿಗೆ ಎರಡು ಇಟ್ಟಿಗೆ, ಮೇಲಿಂದ ನಲ್ಲಿಯ ಪೈಪು, ಕೆಳಗೆ ಬಕೆಟ್ಟು. ನಡುವಿನ ಮರಳಿಗೆ ನೀರು ಬಿಟ್ಟರೆ ನದಿ. ತಿರುವಿನ ಹೊರದಡವನ್ನು ನೀರು ಕೊರೆಯುವುದನ್ನೂ ಒಳದಡದಲ್ಲಿ ಮರಳು ಕೂರುವುದನ್ನೂ ಏಳನೇ ಕ್ಲಾಸಿನವರು ಬೆರಳಿಟ್ಟು ನೋಡಿದರು. ದಡಕ್ಕೆ ಬೇರುಸಮೇತ ಹುಲ್ಲು ನೆಟ್ಟರು. ಮೇಲ್ಭಾಗದಲ್ಲಿ ಜೌಗು ನೆಲವೆಂದು ಸ್ಪಂಜಿನ ತುಂಡುಗಳನ್ನಿಟ್ಟರು. ಒಂದು ಚೆಂಬು ನೀರನ್ನು ಒಮ್ಮೆಲೇ ಸುರಿದರೂ ಕೆಳಗಿಟ್ಟಿದ್ದ ಪುಟ್ಟ ಮರದ ಮನೆ ಅಲುಗಲಿಲ್ಲ. ಆಗ ಒಬ್ಬಳು, ನಿನ್ನ ಹಾಗೇ ತಾಳ್ಮೆಯಿಲ್ಲದವಳು, ಸ್ಕೇಲಿನಿಂದ ತಿರುವುಗಳನ್ನೆಲ್ಲ ಕಡಿದು ನದಿಯನ್ನು ನೆಟ್ಟಗೆ ಮಾಡಿದಳು. ಹುಲ್ಲು, ಸ್ಪಂಜು ಎಲ್ಲ ಕಿತ್ತಳು. ಮತ್ತೆ ಅದೇ ಚೆಂಬು ನೀರು. ಎರಡೂ ದಡ ಕುಸಿದು ಮನೆ ಬಕೆಟ್ಟಿಗೆ ಬಿತ್ತು. ಅವಳು ಬಕೆಟ್ಟಿನಿಂದ ಮನೆಯನ್ನೆತ್ತಿಕೊಂಡು, "ಟೀಚರ್, ನೀರಿಗೆ ಅವಸರ ಹಚ್ಚಿದ್ದು ನಾನೇನಾ?" ಎಂದಳು.

ನಮ್ಮ ಬಾಗಿಲು ನೆನಪಾಯಿತು. ಅಪ್ಪ ಗಾರೆ ಕೆಲಸಕ್ಕೆ ಹೋದ ಕಡೆಯಿಂದ ಹೊತ್ತು ತಂದ ಹಳೇ ಬಾಗಿಲು. ಸುತ್ತ ಮರದ ಪಟ್ಟಿ ಹೊಡೆದು, ಪ್ಲಾಸ್ಟಿಕ್ ಹಾಸಿ ನಮಗೆ ನದಿ ಮಾಡಿಕೊಟ್ಟಿದ್ದ. ಅಮ್ಮನ ಹಿಟ್ಟಿನ ಜರಡಿಯಲ್ಲಿ ಮರಳು ಜಾಲಿಸಿ ಇಬ್ಬರೂ ಬೈಸಿಕೊಂಡೆವು. ಅವಳು ಈಗಲೂ ಆ ಜರಡಿಯ ಸುದ್ದಿ ಎತ್ತುತ್ತಾಳೆ. ನನಗೆ ಅಂಕುಡೊಂಕು ನದಿ ಇಷ್ಟ, ನಿನಗೆ ದಾರ ಹಿಡಿದು ಎಳೆದಷ್ಟು ನೇರ. ಶಾಲೆಯ ವಸ್ತುಪ್ರದರ್ಶನದ ಹಿಂದಿನ ದಿನ ನಿನ್ನ ದಡ ಮೂರು ಸಲ ಕುಸಿಯಿತು. ನೀನು ಊಟ ಬಿಟ್ಟು ಅತ್ತದ್ದು ನಿನ್ನೆ ಮೊನ್ನೆಯ ಹಾಗಿದೆ. ಮರುದಿನ ಎಲ್ಲರೆದುರು ಬಿಂದಿಗೆಗಟ್ಟಲೆ ನೀರು ಸುರಿದರೂ ದಡ ಜಪ್ಪಯ್ಯ ಅನ್ನಲಿಲ್ಲ. "ಇಳಿಜಾರಿನ ಲೆಕ್ಕ ಸರಿಹೋಯ್ತು ಕಣೇ" ಎಂದು ನನ್ನ ಕೈಹಿಡಿದು ಕುಣಿದೆ. ಮೊದಲ ಬಹುಮಾನ ನಿನಗೇ. ಇಂಜಿನಿಯರ್ ಆಗುತ್ತೇನೆಂದು ಹೇಳಿದ್ದೂ ಅವತ್ತೇ. ಎಷ್ಟು ಚೆನ್ನಾಗಿದ್ದವು ಅಕ್ಕಾ ಆ ದಿನಗಳು. ಬಾಗಿಲನ್ನು ಮನೆಗೆ ಹೊತ್ತು ತಂದ ಅಪ್ಪ ಮಾತ್ರ ಅದನ್ನು ಮತ್ತೆ ನಮಗೆ ಆಡಲು ಕೊಡದೆ, ಗೋಣಿ ಹೊದಿಸಿ ಹಿತ್ತಿಲ ಶೆಡ್ಡಿನಲ್ಲಿಟ್ಟುಬಿಟ್ಟ.

ಇನ್ನು ಇಲ್ಲಿಯ ಸುದ್ದಿ ನಿನಗೇ ಗೊತ್ತು. ನಾವು ಕಾಲು ಇಳಿಬಿಟ್ಟು ಕೂರುತ್ತಿದ್ದ ಹೊಳೆಯ ಎರಡೂ ತಿರುವುಗಳನ್ನು ಕಡಿದು, ದಡದ ಮರ ತೆಗೆದು, ಮಣ್ಣಿನ ಏರಿ ಹಾಕಿ ನೇರ ಮಾಡುತ್ತಾರಂತೆ. ಅಳತೆಯವರು ಕೆಂಪು ಗೂಟ ಹೊಡೆದು ಹೋದರು. ಸೋಮವಾರ ನಿನ್ನ ರುಜು ಬಿದ್ದರೆ ಕೆಲಸ ಶುರುವಂತೆ. ಕೆಳಗಿನ ಬೀದಿಯಲ್ಲಿ ನಲವತ್ತು ಮನೆಗಳಿವೆ, ನಮಗೆ ಲಂಗ ಹೊಲಿದುಕೊಟ್ಟ ದರ್ಜಿಯಮ್ಮನದೂ ಸೇರಿ. ಮೊನ್ನೆ ಫೋನಿನಲ್ಲಿ ಇದನ್ನೇ ಹೇಳಿದ್ದಕ್ಕೆ ನೀನು, "ನಿನ್ನ ಮರಳಾಟ ಬಿಡು. ನೇರ ನದಿ ನಿಲ್ಲುತ್ತೆ, ನಾನೇ ಕೈಯಾರೆ ಮಾಡಿ ನೋಡಿದೀನಿ" ಎಂದೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಅಮ್ಮನ ಅಪ್ಪಣೆ.

ನಿನ್ನ ಹಿಂದೆಯೇ ಸುತ್ತುತ್ತಿದ್ದ,
ಬಾಲ

ವಿ.ಸೂ.: ಪತ್ರ ಒಯ್ಯುವ ಬಸ್ಸು ಹಾರ್ನ್ ಹೊಡೆಯುತ್ತಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ವಸ್ತುಪ್ರದರ್ಶನದ ಹಿಂದಿನ ಸಂಜೆ ನೀನು ಅಮ್ಮನ ಮಡಿಲಲ್ಲಿ ಅಳುತ್ತಿದ್ದಾಗ, ಅಪ್ಪನ ಚೀಲದಿಂದ ಒಂದು ಬಾಂಡ್ಲಿ ಸಿಮೆಂಟು ತಂದು ನಿನ್ನ ದಡಕ್ಕೆ ಕಲಸಿದವಳು ನಾನು. ಕಾಣದಿರಲೆಂದು ಮೇಲೆ ಮರಳು ಉದುರಿಸಿದೆ. ನೀನು ಅಳುವುದನ್ನು ನೋಡಲಾಗಲಿಲ್ಲ, ಅಷ್ಟೇ. ಬಾಗಿಲು ಎತ್ತಿದ ಕೂಡಲೇ ಅಪ್ಪನಿಗೆ ಗೊತ್ತಾಯಿತು. ನನ್ನ ಮುಖ ನೋಡಿ ಗೋಣಿ ಹೊದಿಸಿಟ್ಟ. ನಂಬದಿದ್ದರೆ ಭಾನುವಾರ ಬಾ. ಬಾಗಿಲು ಇನ್ನೂ ಶೆಡ್ಡಿನಲ್ಲೇ ಇದೆ, ಗೋಣಿ ತೆಗೆದು ದಡವನ್ನು ಉಗುರಿನಿಂದ ಕೆರೆದು ನೋಡು. ಬೈಯುವುದಿದ್ದರೆ ಆಮೇಲೆ ಬೈ, ರುಜು ಹಾಕುವ ಮೊದಲು ಬಾ.