ಬಟ್ಟೆಗೊಂದು ಮೈ

ಸೋಮವಾರ, ಮ್ಯೂಸಿಯಂಗೆ ರಜೆ

ಚಿನಕುರಳಿಯ ಅಪ್ಪನಿಗೆ,

ನಾನು ಕ್ಷೇಮ. ನೀವು ಮೂವರೂ ಕ್ಷೇಮ ಎಂದುಕೊಂಡಿದ್ದೇನೆ.

ನಿಮ್ಮ ಪತ್ರ ತಲುಪಿತು. ನಿಮ್ಮ ಈಗಿನ ಮಗಳಿಗೆ ಐದು ತುಂಬಿತಂತೆ. ನಮ್ಮ ಮಗಳು ಚಿನಕುರಳಿಯ ಹಳದಿ ಫ್ರಾಕು ಪೆಟ್ಟಿಗೆಯಲ್ಲಿ ಕೊಳೆಯುವ ಬದಲು ಅವಳಿಗೆ ಕೊಡ್ತೀಯಾ ಎಂದು ಕೇಳಿದ್ದೀರಿ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಏನೂ ಬರಲಿಲ್ಲ. ಉತ್ತರವೂ ಬರಲಿಲ್ಲ. ಅದಕ್ಕೇ ತಡ.

ನಮ್ಮವಳು ಹೋದ ಮೇಲೆ ನಾವು ಬೇರೆಯಾದಾಗ ನನ್ನ ಪಾಲಿಗೆ ಉಳಿದದ್ದು ಅದೊಂದೇ. ಕೊಡುವುದಿಲ್ಲ ಎಂದು ಬರೆಯಲು ಕೂತೆ. ಕಾರಣವೂ ಸಿದ್ಧವಿತ್ತು: ನಮ್ಮ ಮ್ಯೂಸಿಯಂನಲ್ಲಿ ಒಮ್ಮೆ ಪೆಟ್ಟಿಗೆ ಸೇರಿದ ಬಟ್ಟೆಯನ್ನು, ರಾಣಿಯದಾಗಲಿ ದಾಸಿಯದಾಗಲಿ, ಮತ್ತೆ ಯಾರೂ ತೊಡುವಂತಿಲ್ಲ. ಗೊಂಬೆ ಮಾತ್ರ ತೊಡಬೇಕು. ಹಳೇ ಬಟ್ಟೆಗೆ ಒಂದು ಹೊಲಿಗೆಯನ್ನೂ ಹಾಕದೆ, ಅದರ ಅಳತೆಗೆ ಗೊಂಬೆಗೆ ಹತ್ತಿ ತುಂಬುವವಳು ನಾನು. ಲೋಕದಲ್ಲಿ ಮೈಗೆ ಬಟ್ಟೆ, ನಮ್ಮಲ್ಲಿ ಬಟ್ಟೆಗೆ ಮೈ.

ಈ ಸಲ ಹಳೇ ಕಾಲದ ಮಕ್ಕಳ ಉಡುಪುಗಳ ಪ್ರದರ್ಶನ. ಒಂದು ಬಿಳಿ ಫ್ರಾಕಿಗೆ ಗೊಂಬೆ ಮಾಡಿದೆ. ತೊಡಿಸಲು ಹೋದರೆ ಬೆನ್ನಿನ ಗುಂಡಿ ಕೂಡಲೊಲ್ಲದು. ಅಳತೆಯ ಚೀಟಿ ಎದುರಿಗೇ ಇತ್ತು, ಕೈ ಅದನ್ನು ಓದಿರಲಿಲ್ಲ. ಮೇಲಧಿಕಾರಿ ಮೇಡಂ ಕನ್ನಡಕ ಏರಿಸಿ, “ಏನಮ್ಮಾ, ಫ್ರಾಕು ಯಾವ ಮಗೂದು, ಗೊಂಬೆ ಯಾವ ಮಗೂದು?” ಎಂದರು. ಹತ್ತಿ ಜಾಸ್ತಿಯಾಯಿತು ಎಂದೆ. “ಹತ್ತಿ ಜಾಸ್ತಿಯಾದ್ರೆ ಹೊಟ್ಟೆ ಬರುತ್ತೆ ಕಣಮ್ಮ, ಎಡಹೆಗಲು ಇಳಿಯುತ್ತಾ?” ಎಂದರು.

ಇಳಿದಿತ್ತು. ನೀವು “ನೆಟ್ಟಗೆ ನಿಂತ್ಕೊಳ್ಳೇ ತಕ್ಕಡಿ” ಎಂದು ರೇಗಿಸಿದರೆ, “ಅಪ್ಪಾ ಬೆಪ್ಪಾ, ನಂದೇನು ತಪ್ಪಾ” ಎನ್ನುತ್ತಿದ್ದಳಲ್ಲ, ಅದೇ ಹೆಗಲು.

ಕಳಚಿ ತರುತ್ತೇನೆಂದು ಹೇಳಿ ಗೊಂಬೆಯನ್ನು ಮನೆಗೆ ತಂದೆ. ಹಳದಿ ಫ್ರಾಕು ತೊಡಿಸಿದೆ. ಒಂದೂ ಸುಕ್ಕಿಲ್ಲದೆ ಒಪ್ಪಿತು. ಕುರ್ಚಿ ಎಳೆದುಕೊಂಡು ನೋಡುತ್ತ ಕೂತೆ. ಗೊಂಬೆ ಸುಮ್ಮನೆ ನಿಂತೇ ಇತ್ತು. ನಮ್ಮವಳು ಆ ಫ್ರಾಕಿನಲ್ಲಿ ಒಮ್ಮೆಯಾದರೂ ಸುಮ್ಮನೆ ನಿಂತದ್ದುಂಟೇ? ಅದರ ಅಂಚು ಒಂದೋ ಹಲ್ಲಲ್ಲಿ, ಇಲ್ಲವೇ ಕಲ್ಲಲ್ಲಿ. ಅಷ್ಟು ಅಚ್ಚುಕಟ್ಟಾಗಿ ನಿಂತ ಅವಳನ್ನು ನೋಡಲಾರದೆ ಹತ್ತಿ ಕಿತ್ತೆ. ಹೆಗಲನ್ನು ಕೊನೆಗೆ ಕಿತ್ತೆ.

ಫ್ರಾಕನ್ನು ಪಾರ್ಸೆಲ್ ಮಾಡಿದ್ದೇನೆ. ಸ್ವಲ್ಪ ದೊಡ್ಡದಾಗಬಹುದು, ಮಗು ಬೆಳೆಯಲಿ. ನಮ್ಮವಳು ಬಾಕಿ ಬಿಟ್ಟ ಕೆಲಸ ಅದು. ಓಡಲಿ, ಬೀಳಲಿ. ಹರಿದರೆ ನನಗೆ ತಿಳಿಸಬೇಡಿ. ತೊಡಿಸಿದ ಫೋಟೊವನ್ನೂ ಕಳಿಸಬೇಡಿ. ಅಷ್ಟು ದೊಡ್ಡ ಮನಸ್ಸು ನನ್ನ ಅಳತೆಯದಲ್ಲ.

ಇಂತಿ,
ಚಿನಕುರಳಿಯ ಅಮ್ಮ

ತಾ.ಕ.: ಕೊರಳಪಟ್ಟಿಯಲ್ಲಿ ಒಂದು ಕಂದು ಕಲೆಯಿದೆ. ಆಸ್ಪತ್ರೆಯಲ್ಲಿ ಕೊನೆಯ ಸಲ ಕುಡಿಸಿದ ಔಷಧಿ, ಉಗಿದುಬಿಟ್ಟಳು. ಅಂದಿನಿಂದ ಒಗೆದಿಲ್ಲ. ತಣ್ಣೀರಲ್ಲಿ ನೆನೆಹಾಕಿದರೆ ಹೋಗುತ್ತದೆ, ನಿಮ್ಮ ಹೆಂಡತಿಗೆ ಹೇಳಿ. ಏನಿದು ಎಂದು ಆಕೆ ಕೇಳಿದರೆ, ಚಾಕೊಲೇಟು ಅನ್ನಿ.