ಕೊನೆಗೆ ಕೇಳಿದ ಪ್ರಶ್ನೆ

ಫೆಬ್ರವರಿ ೧೬, ಭಾನುವಾರ

ಮುದ್ದಿನ ತಂಗೀ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಏನು ಮಾಡಲಿ, ಊರಲ್ಲಿ ದಡಾರ ಹರಡಿ ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ ನನ್ನನ್ನು ಕಂಡರೂ ಮಕ್ಕಳು ತೋಳು ಮುಚ್ಚಿಕೊಂಡು ಅಮ್ಮಂದಿರ ಹಿಂದೆ ಅಡಗುತ್ತವೆ. ನನ್ನ ಹೆಸರೇ ಈಗ ‘ಸೂಜಿ ಆಂಟಿ’. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ನನ್ನ ಅಡುಗೆಗೆ ಹೆಸರಿಡುವಷ್ಟು.

ನಿನ್ನ ಪುಟ್ಟಿಗೆ ಹತ್ತು ತಿಂಗಳಾದರೂ ದಡಾರದ ಸೂಜಿ ಹಾಕಿಸಿಲ್ಲವೆಂಬ ಸಾಲನ್ನು ಎರಡೆರಡು ಸಲ ಓದಿದೆ. ನಿಮ್ಮ ಬೀದಿಯಲ್ಲೇ ಇಬ್ಬರು ಮಕ್ಕಳು ಮಲಗಿದ್ದಾರೆ ಎನ್ನುತ್ತೀಯ. ದಡಾರ ಎಲ್ಲರಿಗೂ ಬಂದು ಹೋಗುವಂಥದ್ದು, ಬಂದು ಹೋಗಲಿ ಬಿಡು ಎನ್ನುತ್ತಾರಂತೆ ನಿನ್ನ ಅತ್ತೆ. ಅವರಿಗೆ ಬಂದು ಹೋಗಿರಬಹುದು. ನಮ್ಮ ಮನೆಗೆ ಬಂದದ್ದು ಬರಿಗೈಯಲ್ಲಿ ಹೋಗಲಿಲ್ಲವಲ್ಲ.

ಸೂಜಿಯಿಂದಲೇ ದಡಾರ ಬರುತ್ತದೆಯೇ ಎಂದು ಕೇಳಿದ್ದೀಯ. ಇಲ್ಲ ಕಣೇ. ಅದರಲ್ಲಿರುವುದು ಶಕ್ತಿಗುಂದಿಸಿದ ವೈರಸ್. ವಾರ, ಹತ್ತು ದಿನ ಕಳೆದ ಮೇಲೆ ಕೆಲವು ಮಕ್ಕಳಿಗೆ ಮೈ ಬೆಚ್ಚಗಾಗುತ್ತದೆ, ಅಲ್ಲಲ್ಲಿ ಕೆಂಪು ದದ್ದು ಏಳುತ್ತದೆ, ತಾನಾಗಿಯೇ ಇಳಿಯುತ್ತದೆ. ಜೋರು ಅಲರ್ಜಿ ತೀರಾ ಅಪರೂಪ. ಆದರೂ ಅದಕ್ಕೆಂದೇ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿಕೊಳ್ಳುತ್ತೇವೆ. ಸಣ್ಣ ನೆಗಡಿ ಇದೆಯೆಂದು ಮುಂದೂಡಬೇಕಿಲ್ಲ. ಹಾಕಿಸಿದರೆ ರೋಗ ಬರುವುದೇ ಇಲ್ಲವೇ ಎಂದರೆ, ಎರಡೂ ಡೋಸ್ ಆದಮೇಲೆ ನೂರರಲ್ಲಿ ಮೂವರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರಿಗೂ ರಕ್ಷಣೆ ಸಿಗುತ್ತದೆ. ಆ ಮೂವರಿಗೆ ಸುತ್ತಲಿನ ಮಕ್ಕಳೇ ಗೋಡೆ. ನಾವು ಮನೆಮನೆ ತಿರುಗಿ ಬಾಯಿ ನೋಯಿಸಿಕೊಳ್ಳುವುದು ಅದಕ್ಕೇ.

ಇನ್ನು ನಿನ್ನ ನಿಜವಾದ ಭಯ. ‘ಸೂಜಿ ನನ್ನ ಕಿವಿ ತೆಗೆದ ಹಾಗೆ ಅವಳದೂ ತೆಗೆದರೆ?’ ಎಂಬ ಸಾಲನ್ನು ಎಷ್ಟು ಒತ್ತಿ ಬರೆದಿದ್ದೀಯೆಂದರೆ, ಹಾಳೆಯ ಹಿಂಬದಿಗೂ ಅಚ್ಚು ಬಿದ್ದಿದೆ. ಅಮ್ಮ ಮೊದಲಿನಿಂದ ಹೇಳಿಕೊಂಡು ಬಂದದ್ದು ಅದೇ ತಾನೇ. ಮೊನ್ನೆ ಅವಳನ್ನೇ ಕೂರಿಸಿಕೊಂಡು ಕೇಳಿದೆ. ಕಿವಿ ಹೋದಾಗ ನಿನಗೆ ಆರು ವರ್ಷ. ಮೈತುಂಬ ದಡಾರ ಎದ್ದು, ಎರಡೂ ಕಿವಿ ಸೋರಿ, ಕರೆದರೆ ನೀನು ತಿರುಗುತ್ತಿರಲಿಲ್ಲವಂತೆ. ಕಾಂಪೌಂಡರು ಜ್ವರಕ್ಕೆಂದು ಚುಚ್ಚಿದ್ದು ಅದಾದ ಮೇಲೆ. ದಡಾರದ ಲಸಿಕೆಯನ್ನಂತೂ ನಿನಗೆ ಯಾರೂ ಹಾಕಿಸಿರಲೇ ಇಲ್ಲ. ಮತ್ತೆ ಇಷ್ಟು ವರ್ಷ ಆ ಮನುಷ್ಯನನ್ನು ಯಾಕೆ ದೂರಿದೆ ಎಂದೆ. ಅಮ್ಮ ಕನ್ನಡಕ ಒರೆಸಿ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

“ರೋಗಾನ ಎಲ್ಲಿ ಅಂತ ಹುಡುಕ್ಕೊಂಡು ಹೋಗಿ ಬೈಲಿ? ಅವನಾದ್ರೆ ಕಣ್ಣೆದುರಿಗೇ ಇದ್ದ,” ಅಂದಳು.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಗಟ್ಟಿಮುಟ್ಟಾಗಿದ್ದಾಳೆ ಎಂದೆನಲ್ಲ, ಅಂದಿನಿಂದ ಊಟ ಮಾತ್ರ ಸರಿಯಾಗಿ ಸೇರುತ್ತಿಲ್ಲ ಅವಳಿಗೆ.

ಪುಟ್ಟಿಗೆ ನನ್ನ ಕೈಯಿಂದಲೇ ಹಾಕಿಸಬೇಕು, ರಜೆಗೆ ಬರುತ್ತೇನೆ ಎಂದು ಬರೆದಿದ್ದೀಯ. ನಿಮ್ಮಿಬ್ಬರನ್ನು ನೋಡಲು ಜೀವ ಹಾತೊರೆಯುತ್ತದೆ, ಆದರೂ ಬೇಡ. ರಜೆಯವರೆಗೆ ಕಾಯಬೇಡ. ಕಾಗದ ಕೈಸೇರಿದ ಮರುದಿನವೇ ನಿಮ್ಮೂರಿನಲ್ಲೇ ಹಾಕಿಸು. ಎರಡನೆಯ ಡೋಸ್ ನನ್ನ ಪಾಲಿಗಿರಲಿ.

ಪುಟ್ಟಿ ನೂರು ಕಾಲ ಚೆನ್ನಾಗಿರಲಿ. ನಿನ್ನ ಮಡಿಲು ಯಾವಾಗಲೂ ಬೆಚ್ಚಗಿರಲಿ.

ನಿನ್ನ
ಅಕ್ಕ

ತಾ.ಕ.: ಇಷ್ಟೆಲ್ಲ ಬರೆದು, ನೀನು ಕೊನೆಗೆ ಕೇಳಿದ್ದನ್ನು ಹಾರಿಸಿಬಿಟ್ಟಿದ್ದೆ. ‘ನಾನು ಮಾತಾಡುತ್ತಿದ್ದಾಗ ನನ್ನ ದನಿ ಹೇಗಿತ್ತಕ್ಕಾ?’ ಕಿವಿ ಹೋದ ಮೇಲೆ ನಿನ್ನ ಮಾತು ತೊದಲಿತು, ಓರಗೆಯವರು ನಕ್ಕರು, ನೀನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಮೊದಲು ನೀನು ಆಡುತ್ತಿದ್ದ ಮಾತೆಲ್ಲ ನನಗೆ ನೆನಪಿದೆ, ಬೆಳಗ್ಗೆ ಎದ್ದ ಕೂಡಲೇ ಬಾಚಣಿಗೆ ಹಿಡಿದು ‘ಅಕ್ಕಾ, ಜಡೆ’ ಎನ್ನುತ್ತಿದ್ದದ್ದೂ. ದನಿ ಮಾತ್ರ ಮರೆತುಹೋಗಿದೆ ತಂಗೀ. ನೆನೆಸಿಕೊಂಡರೆ ನಿನ್ನ ತುಟಿಯಷ್ಟೇ ಅಲ್ಲಾಡುತ್ತದೆ. ಪುಟ್ಟಿ ಅತ್ತರೆ ಬೀದಿಯ ಕೊನೆಗೂ ಕೇಳಿಸುತ್ತದೆ ಎನ್ನುತ್ತಾನಂತಲ್ಲ ನಿನ್ನ ಗಂಡ. ಸೂಜಿ ಹಾಕಿಸುವಾಗ ಅವಳ ಅಳುವನ್ನು ಫೋನಿನಲ್ಲಿ ಹಿಡಿದು ಕಳಿಸಲು ಅವನಿಗೆ ಹೇಳು. ಅದರಲ್ಲಿ ನೀನು ಸಿಕ್ಕರೆ, ನಿನ್ನ ದನಿ ಹೇಗಿತ್ತೆಂದು ಬರೆಯುತ್ತೇನೆ.